ತುಮಕೂರು–ಬೆಂಗಳೂರು ಓಡಾಟಕ್ಕೆ ಸೆಕೆಂಡ್ ಹ್ಯಾಂಡ್ ಕಾರು

ದಿನಾ ತುಮಕೂರಿನಿಂದ ಬೆಂಗಳೂರಿಗೆ ಹೋಗಿಬರಲು ಬೆನ್ನು ನೋಯದ, ಖರ್ಚು ಕಡಿಮೆ ಇರುವ ಹಳೇ ಕಾರು ಯಾವುದು, ಪೆಟ್ರೋಲೋ ಡೀಸೆಲ್ಲೋ ಅಂತ ಕೇಳಿದ್ದೀರಿ ಸರ್. ನಾನಾದರೆ ಡೀಸೆಲ್ ತಗೋತೀನಿ.

ದಿನಕ್ಕೆ 140 ಕಿ.ಮೀ. ಅಂದರೆ ತಿಂಗಳಿಗೆ ಮೂರು ಸಾವಿರ ದಾಟುತ್ತದೆ. ಪೆಟ್ರೋಲ್ ಕಾರು ಲೀಟರಿಗೆ 16, ಡೀಸೆಲ್ 21 ಕೊಟ್ಟರೂ ತಿಂಗಳಿಗೆ ಸುಮಾರು 45 ಲೀಟರ್ ಉಳಿಯುತ್ತದೆ. ವಾರಕ್ಕೆರಡು ದಿನ ಮಾತ್ರ ಹೋಗೋದಾದರೆ ಪೆಟ್ರೋಲೇ ಸಾಕು, ಸುಮ್ನೆ ಡೀಸೆಲ್ ಯಾಕೆ?

ಮೊದಲು ಮಾರುತಿ ಸಿಯಾಜ್ ನೋಡಿ. ಮೆತ್ತಗೆ ಹೋಗುತ್ತದೆ, ಕಾಲು ಚಾಚಲು ಜಾಗ ಧಾರಾಳ. ಮಾರುತಿ 2020ರಲ್ಲಿ ಡೀಸೆಲ್ ನಿಲ್ಲಿಸಿದ್ದರಿಂದ ಅದಕ್ಕಿಂತ ಹೊಸದು ಸಿಗಲ್ಲ. ಹೋಂಡಾ ಸಿಟಿ ಡೀಸೆಲ್‌ಗೆ ಆರನೇ ಗೇರ್ ಇದೆ, ನೂರರಲ್ಲೂ ಎಂಜಿನ್ ನಿರಾಳ. ಸದ್ದು ಮಾತ್ರ ಸ್ವಲ್ಪ ಜಾಸ್ತಿ. ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್ ಸಿಕ್ಕರೆ ಹಿಂದಿನ ಮಾಲೀಕರು ಬರೀ ಊರೊಳಗೆ ಓಡಿಸಿದ್ದರಾ ಕೇಳಿ. ಹಾಗಿದ್ದರೆ ಹೊಗೆ ಫಿಲ್ಟರ್ ಕಟ್ಟಿಕೊಂಡಿರಬಹುದು.

ಟೆಸ್ಟ್ ಡ್ರೈವ್ ಗಲ್ಲಿಯಲ್ಲಿ ಬೇಡ. ಹೈವೇಗೆ ತಗೊಂಡು ಹೋಗಿ, ಅರ್ಧ ಗಂಟೆ ಕೂತು ನೋಡಿ. ತೊಡೆ ಕೆಳಗೆ ಸೀಟು ಆಸರೆ ಕೊಡದಿದ್ದರೆ ಆ ಕಾರು ನಿಮಗಲ್ಲ. 80ರಲ್ಲಿ ಸ್ಟೇರಿಂಗ್ ನಡುಗಿದರೆ ಸಾಮಾನ್ಯವಾಗಿ ವೀಲ್ ಬ್ಯಾಲೆನ್ಸಿಂಗ್, ಸಣ್ಣ ಖರ್ಚು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ನೋಡಿಸಿ. ಟೈರ್ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ: 2319 ಅಂದರೆ 2019ರ 23ನೇ ವಾರದ್ದು. ಮೇಲಿನ ಗೀರುಗಳು ಸವೆಯದೆ ಚೆನ್ನಾಗಿದ್ದರೂ ಅಷ್ಟು ಹಳೇ ಟೈರ್‌ನಲ್ಲಿ ಹೈವೇ ಬೇಡ, ನಾಲ್ಕು ಹೊಸ ಟೈರ್ ದುಡ್ಡು ರೇಟಲ್ಲೇ ಇಳಿಸಿ.

ಆರ್‌ಸಿಯಲ್ಲಿ ಬ್ಯಾಂಕ್ ಹೆಸರು ಇನ್ನೂ ಇದ್ದರೆ, ಸಾಲ ತೀರಿದೆ ಅನ್ನೋ ಬ್ಯಾಂಕಿನ ಪತ್ರ (ಎನ್‌ಒಸಿ) ಕೈಗೆ ಬರೋವರೆಗೂ ಅಡ್ವಾನ್ಸ್ ಕೊಡಬೇಡಿ.