ಒಡ್ಡು ಎತ್ತರಿಸಿದರೆ ಸಾಲದೇ?

ಮಾನ್ಯರೇ,

ನದಿ ಉಕ್ಕಿದಾಗ ನೀರು ಹರಡುವ ಪ್ರವಾಹ ಬಯಲಿನಲ್ಲಿ ಹೊಸ ಕಟ್ಟಡಗಳಿಗೆ ಅನುಮತಿ ಕೊಡಬಾರದೆಂಬ ನಮ್ಮ ಲೇಖನವನ್ನು ಓದಿ ನೀವು ಎರಡು ಆಕ್ಷೇಪಗಳನ್ನು ಎತ್ತಿದ್ದೀರಿ: ನೂರು ವರ್ಷಕ್ಕೊಮ್ಮೆ ಬರುವ ನೆರೆಗೆ ಹೆದರಿ ಬೆಲೆಬಾಳುವ ಭೂಮಿಯನ್ನು ಪಾಳು ಬಿಡುವುದೇಕೆ, ಮತ್ತು ಇರುವ ಒಡ್ಡನ್ನೇ ಎತ್ತರಿಸಿದರೆ ಸಾಲದೇ ಎಂದು.

ಮೊದಲನೆಯದು ಮಾತಿನ ರೂಪದಿಂದಲೇ ಹುಟ್ಟಿದ ತಪ್ಪು ತಿಳಿವಳಿಕೆ. ಅಂಥ ನೆರೆ ಪ್ರತಿ ವರ್ಷವೂ ಬರುವ ಸಾಧ್ಯತೆ ಶೇ. 1 ಇದೆ ಎಂಬುದಷ್ಟೇ ಅದರ ಅರ್ಥ. ಈ ವರ್ಷ ಬಂದದ್ದು ಮುಂದಿನ ವರ್ಷವೂ ಬರಬಹುದು. ಮನೆಸಾಲ ತೀರುವ 30 ವರ್ಷಗಳಲ್ಲಿ ಒಮ್ಮೆಯಾದರೂ ಅದು ಬರುವ ಸಾಧ್ಯತೆ ಸುಮಾರು ಶೇ. 26. ಇದನ್ನು ಅಪರೂಪದ ಆಪತ್ತೆಂದು ಕರೆಯಲು ನಮಗೆ ಮನಸ್ಸಾಗುವುದಿಲ್ಲ.

ಒಡ್ಡಿನ ವಿಷಯವನ್ನು ಇನ್ನಷ್ಟು ವಿವರವಾಗಿ ಹೇಳಬೇಕು. ಹರಡಿಕೊಳ್ಳಲು ಜಾಗ ಸಿಗದ ನೀರು ಒಡ್ಡುಗಳ ನಡುವೆ ಮೇಲೇರುತ್ತದೆ, ಎದುರು ದಡವನ್ನೂ ಕೆಳಗಿನ ಊರುಗಳನ್ನೂ ಹೆಚ್ಚು ರಭಸದಿಂದ ಮುಟ್ಟುತ್ತದೆ. ಇತ್ತ ಒಡ್ಡಿದೆಯೆಂಬ ಧೈರ್ಯದಿಂದ ಅದರ ಹಿಂದೆ ಮನೆಗಳು ಹೆಚ್ಚುತ್ತಲೇ ಹೋಗುವುದರಿಂದ, ಅದು ಒಡೆದ ದಿನ ಆಗುವ ಹಾನಿ ಒಡ್ಡಿಲ್ಲದ ಕಾಲದ ಹಾನಿಗಿಂತ ದೊಡ್ಡದಾಗಬಹುದು. ಮಿಸಿಸಿಪ್ಪಿ ನದಿಯನ್ನು ಒಡ್ಡುಗಳಿಂದಷ್ಟೇ ಹಿಡಿದಿಡಬಹುದೆಂಬ ನಂಬಿಕೆ 1927ರ ನೆರೆಯಲ್ಲಿ ಕೊಚ್ಚಿಹೋಯಿತು. ಆಮೇಲೆ ಹೆಚ್ಚುವರಿ ನೀರನ್ನು ಬೇರೆಡೆಗೆ ಹಾಯಿಸುವ ದಾರಿಗಳನ್ನೂ ಕಲ್ಪಿಸಬೇಕಾಯಿತು.

ನೆದರ್ಲೆಂಡ್ಸ್‌ನ ನೈಮೇಖನ್ ನಗರದ ಉದಾಹರಣೆ ನೋಡಿ. ಅಲ್ಲಿ ವಾಲ್ ನದಿ ತಿರುವು ತೆಗೆದುಕೊಳ್ಳುವ ಜಾಗದಲ್ಲೇ ಅದರ ಪಾತ್ರ ಕಿರಿದಾಗಿತ್ತು. 1995ರಲ್ಲಿ ದೇಶದ ನದಿಗಳು ಉಕ್ಕಿ ಸುಮಾರು 2.5 ಲಕ್ಷ ಜನರನ್ನು ಸ್ಥಳಾಂತರಿಸಬೇಕಾಗಿ ಬಂದ ಮೇಲೆ, ಒಡ್ಡುಗಳಲ್ಲೇ ಪಳಗಿದ ಆ ನಾಡು ಇಲ್ಲಿ ಒಡ್ಡನ್ನು ಎತ್ತರಿಸುವ ಬದಲು 350 ಮೀಟರ್ ಹಿಂದಕ್ಕೆ ಸರಿಸಿ, ಪಕ್ಕದಲ್ಲಿ ಇನ್ನೊಂದು ಕಾಲುವೆ ತೋಡಿತು. ನೆರೆಯ ಮಟ್ಟ ಸುಮಾರು 35 ಸೆಂಟಿಮೀಟರ್ ಇಳಿಯಿತು. ಇದಕ್ಕಾಗಿ ಸುಮಾರು 50 ಮನೆಗಳು ನೆಲಸಮವಾದವು ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಆ ಕುಟುಂಬಗಳ ನೋವಿಗೆ ನ್ಯಾಯವಾದ ಪರಿಹಾರ ಯೋಜನೆಯ ಮೊದಲ ಖರ್ಚಾಗಬೇಕೇ ಹೊರತು ಕೊನೆಯದಲ್ಲ.

ಇನ್ನು ಪಾಳು ಬಿಡುವ ಮಾತು. ನೆರೆನೀರು ಹರಡಿ ನಿಂತಲ್ಲಿ ಮೆಕ್ಕಲು ಮಣ್ಣು ತಂಗುತ್ತದೆ, ಅಂತರ್ಜಲ ತುಂಬುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನಗರದ ಪಕ್ಕದಲ್ಲಿ, ಯೋಲೊ ಬೈಪಾಸ್ ಎಂಬ ಸುಮಾರು 59,000 ಎಕರೆಯ ಬಯಲನ್ನು ನದಿಯ ಹೆಚ್ಚುವರಿ ನೀರಿಗೆಂದೇ ಬಿಟ್ಟಿದ್ದಾರೆ. ಚಳಿಗಾಲದ ನೆರೆಯಲ್ಲಿ ಅದು ತುಂಬಿ ನಗರವನ್ನು ಕಾಯುತ್ತದೆ. ತೆಳುವಾಗಿ ಹರಡಿದ ಆ ಬೆಚ್ಚಗಿನ ನೀರಿನಲ್ಲಿ ಹುಳುಹುಪ್ಪಟೆಗಳು ಹೇರಳವಾಗಿರುವುದರಿಂದ ಸಾಲ್ಮನ್ ಮೀನಿನ ಮರಿಗಳು ನದಿಯ ಪಾತ್ರದಲ್ಲಿರುವ ಮರಿಗಳಿಗಿಂತ ಬೇಗ ದಪ್ಪಗಾಗುತ್ತವೆ. ನೀರಿಳಿದ ಮೇಲೆ, ಬೇಸಿಗೆಯಲ್ಲಿ, ಅದೇ ನೆಲದಲ್ಲಿ ರೈತರು ಭತ್ತ ಬೆಳೆಯುತ್ತಾರೆ.

— ಸಂಪಾದಕ