ಅನಿಮೇಷನ್ ಸಿನಿಮಾದ ಮಗು ಯಾವ ಊರಿನದಾದರೇನು?

ಮಗು, ನಾಯಿ ಇರುವ ಸಿನಿಮಾದಲ್ಲಿ ಕಥೆ ಚೆನ್ನಾಗಿದ್ದರೆ ಸಾಕಲ್ವಾ, ಮಗುವಿನ ಬಣ್ಣ ಯಾಕೆ ಮುಖ್ಯ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಕಥೆಯೊಂದೇ ಸಾಲದು.

ಮೈಸೂರಿನ ನಮ್ಮ ಮನೆಯಲ್ಲಿ ಅಕ್ಕನ ಆರು ವರ್ಷದ ಮಗಳು ಒಂದು ಚಿತ್ರ ಬಿಡಿಸಿದಳು. ನಾಯಿ ನಮ್ಮ ಬೀದಿಯ ಕರಿಯನೇ, ಮಡಚಿದ ಒಂದು ಕಿವಿ ಸಮೇತ. ಪಕ್ಕದ ಹುಡುಗಿಗೆ ಮಾತ್ರ ಹಳದಿ ಕೂದಲು. "ಇದು ಯಾರು ಪುಟ್ಟಿ?" ಅಂದೆ. "ನಾನೇ ಚಿಕ್ಕಮ್ಮ. ಸಿನಿಮಾದಲ್ಲಿ ಹೀಗೇ ಇರ್ತಾರೆ" ಅಂದಳು. ನನಗೆ ತುಂಬಾ ಬೇಜಾರಾಯಿತು. ನಾಯಿಯನ್ನು ಕಂಡಂತೆ ಬರೆದ ಮಗು ತನ್ನನ್ನು ಹಾಗೆ ಬರೆಯಲಿಲ್ಲ.

ಒಳ್ಳೆಯ ಸಿನಿಮಾಗಳೂ ಇವೆ. 2002ರ 'ಲಿಲೋ ಅಂಡ್ ಸ್ಟಿಚ್'ನಲ್ಲಿ ಹವಾಯಿಯ ಹುಡುಗಿ, ಅಪ್ಪ ಅಮ್ಮ ಇಲ್ಲ, ಅಕ್ಕನೇ ಸಾಕುತ್ತಾಳೆ. 2009ರ 'ಅಪ್'ನ ರಸೆಲ್ ಏಷ್ಯಾ ಮೂಲದ ಅಮೆರಿಕನ್ ಹುಡುಗ. ಕಥೆ ಅದನ್ನು ಸುಮ್ನೆ ದೊಡ್ಡದು ಮಾಡುವುದಿಲ್ಲ. ನನಗೆ ಜಾಸ್ತಿ ಇಷ್ಟ 2017ರ 'ಕೋಕೊ'. ಅಲ್ಲಿ ಮೆಕ್ಸಿಕೋದ ಹುಡುಗ ಮಿಗೆಲ್‌ನ ಜೊತೆ ಓಡಾಡುವ ದಾಂತೆ ಕೂಡ ಮೆಕ್ಸಿಕೋದ ನಾಟಿ ತಳಿ, ಮೈಮೇಲೆ ಕೂದಲಿಲ್ಲದ ನಾಯಿ. ಅಜ್ಜಿ, ಊಟ, ಹಿರಿಯರ ಹಬ್ಬ ಎಲ್ಲವೂ ಆ ನೆಲದ್ದೇ. ಬರೀ ಚರ್ಮದ ಬಣ್ಣ ಬದಲಿಸಿದರೆ ಇದು ಬರುವುದಿಲ್ಲ.

ನಮ್ಮಲ್ಲೂ ಇದಕ್ಕೆ ಬೇಕಾದ್ದೆಲ್ಲ ಇದೆ. ಮುಧೋಳ ನಾಯಿ ಇದೆ. ಮಳವಳ್ಳಿ ಕಡೆ ಬಂಡೂರು ಕುರಿಮರಿಯನ್ನು ಎತ್ತಿಕೊಂಡು ಓಡಾಡುವ ಮಕ್ಕಳಿದ್ದಾರೆ. ಮಂಡ್ಯದ ಮಾತಲ್ಲೇ ಆ ಮರಿಯನ್ನು ಕರೆಯುವ ಒಂದು ಸಿನಿಮಾ ಬಂದರೆ, ಪುಟ್ಟಿಯನ್ನು ಮೊದಲ ಆಟಕ್ಕೇ ಕರೆದುಕೊಂಡು ಹೋಗುತ್ತೇನೆ.