ಓದುಗರ ಪ್ರಶ್ನೆ: ಮಕ್ಕಳು ಬಣ್ಣ ಹಚ್ಚಿದ ಮೀನು ಗೋಡೆಯಲ್ಲಿ ಈಜಬೇಕಾದರೆ

ಪ್ರಶ್ನೆ: ಜಪಾನಿನ ಟೀಮ್‌ಲ್ಯಾಬ್ ತಂಡದ ‘ಸ್ಕೆಚ್ ಅಕ್ವೇರಿಯಂ’ನಲ್ಲಿ (2013) ಮಕ್ಕಳು ಹಾಳೆಯಲ್ಲಿ ಬಣ್ಣ ತುಂಬಿದ ಮೀನು ಗೋಡೆಯ ಮೇಲೆ ಈಜುತ್ತದಲ್ಲ, ಅಂಥದ್ದೇ ಒಂದನ್ನು ಶಾಲೆಯ ವಾರ್ಷಿಕೋತ್ಸವಕ್ಕೆ ಚಿಕ್ಕದಾಗಿ ಮಾಡುತ್ತಿದ್ದೇವೆ. ವೆಬ್‌ಕ್ಯಾಮ್‌ನಲ್ಲಿ ಹಳದಿ ಬಣ್ಣ ಮಾಯವಾಗುತ್ತದೆ, ಚಿತ್ರದ ತುಂಬ ಪಟ್ಟೆ ಬರುತ್ತದೆ. ಯಾಕೆ?
– ಚಿತ್ರಕಲಾ ಶಿಕ್ಷಕಿ, ಹಾಸನ

ಉತ್ತರ: ‘ಬಿಳಿ ಇದ್ದದ್ದನ್ನೆಲ್ಲ ತೆಗೆ’ ಎಂದು ಪ್ರೋಗ್ರಾಂಗೆ ಹೇಳಿದ್ದರೆ ಹೀಗೇ ಆಗುತ್ತದೆ. ತಿಳಿಹಳದಿ ಕ್ರೇಯಾನ್ ಕ್ಯಾಮೆರಾಕ್ಕೆ ಹೆಚ್ಚುಕಡಿಮೆ ಬಿಳಿಯೇ. ಮಗು ಬಣ್ಣ ಹಚ್ಚದೆ ಬಿಟ್ಟ ಹೊಟ್ಟೆಯೂ ತೂತಾಗುತ್ತದೆ. ಬಣ್ಣ ನೋಡಿ ಕತ್ತರಿಸುವುದನ್ನೇ ಬಿಡಿ. ಮೀನಿನ ಗೆರೆಚಿತ್ರ ಮುದ್ರಿಸಿದವರು ನೀವೇ ಆದ್ದರಿಂದ ಅಂಚು ಎಲ್ಲಿದೆಯೆಂದು ಮೊದಲೇ ಗೊತ್ತು. ಎ4 ಹಾಳೆಯ ನಾಲ್ಕು ಮೂಲೆಗೂ ಬೇರೆ ಬೇರೆ ಸಂಖ್ಯೆಯ ಆರುಕೋ ಗುರುತುಗಳನ್ನು (ಕಂಪ್ಯೂಟರ್ ಗುರುತಿಸಬಲ್ಲ ಕಪ್ಪು-ಬಿಳುಪು ಚೌಕಗಳು) ಸುಮಾರು 2 ಸೆಂ.ಮೀ. ಅಗಲಕ್ಕೆ ಮುದ್ರಿಸಿ, ಸುತ್ತ ಅರ್ಧ ಸೆಂ.ಮೀ. ಬಿಳಿ ಜಾಗ ಬಿಡಿ. ಚಿತ್ರಗಳನ್ನು ವಿಶ್ಲೇಷಿಸುವ ಓಪನ್‌ಸಿವಿ ತಂತ್ರಾಂಶ ಇವನ್ನು ಹುಡುಕಿಕೊಡುತ್ತದೆ. ಅದರ ಆಧಾರದಲ್ಲಿ ವಾರೆಯಾದ ಹಾಳೆಯನ್ನು ನೇರ ಮಾಡಿ, ಅದೇ ಗೆರೆಚಿತ್ರದಿಂದ ತಯಾರಿಸಿದ ಮಾಸ್ಕ್‌ನಿಂದ (ಮೀನಿನ ಆಕಾರದ ಅಚ್ಚು) ಮೀನನ್ನು ಕತ್ತರಿಸಿ. ಮಾಸ್ಕ್ ಗೆರೆಗಿಂತ 3–4 ಪಿಕ್ಸೆಲ್ ಒಳಗಿದ್ದರೆ ಬಿಳಿ ಅಂಚು ಉಳಿಯದು.

ಮಕ್ಕಳು ಆ ಕಪ್ಪು ಚೌಕಗಳಿಗೂ ಬಣ್ಣ ಬಳಿದೇ ಬಳಿಯುತ್ತಾರೆ. ಪ್ರತಿ ಗುರುತಿಗೂ ನಾಲ್ಕು ಮೂಲೆಗಳಿರುವುದರಿಂದ ಒಂದು ಗುರುತು ಕೆಟ್ಟರೂ ಉಳಿದ ಮೂರರಿಂದ ಕೆಲಸ ನಡೆಯುತ್ತದೆ; ನಾಲ್ಕೂ ಸಿಗಲೇಬೇಕೆಂದು ಪ್ರೋಗ್ರಾಂ ಹಟ ಹಿಡಿಯದಂತೆ ಬರೆಯಿರಿ.

ಪಟ್ಟೆಗಳಿಗೆ ಕಾರಣ ದೀಪ. ನಮ್ಮ ವಿದ್ಯುತ್ 50 ಹರ್ಟ್ಸ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ವೆಬ್‌ಕ್ಯಾಮ್‌ನ ಮಿಣುಕು ತಡೆಯುವ (ಆಂಟಿ-ಫ್ಲಿಕರ್) ಸೆಟ್ಟಿಂಗ್ 60 ಹರ್ಟ್ಸ್‌ನಲ್ಲಿದ್ದರೆ 50ಕ್ಕೆ ಬದಲಿಸಿ. ಬೆಳಕು, ಬಣ್ಣಗಳನ್ನು ಕ್ಯಾಮೆರಾ ತಾನೇ ಹೊಂದಿಸಿಕೊಳ್ಳುವ ಆಟೋ ಎಕ್ಸ್‌ಪೋಶರ್, ಆಟೋ ವೈಟ್ ಬ್ಯಾಲೆನ್ಸ್ ಎರಡನ್ನೂ ನಿಲ್ಲಿಸಿ. ಇಲ್ಲದಿದ್ದರೆ ಮೀನಿನ ತುಂಬ ಕಡುಗೆಂಪು ತುಂಬಿದ ಮಗುವಿಗೆ ಮಂಕು ಬಣ್ಣದ ಮೀನು ಸಿಗುತ್ತದೆ. ಕ್ಯಾಮೆರಾ ಚಿತ್ರದಲ್ಲಿ ಖಾಲಿ ಹಾಳೆಯ ಬಿಳಿಯ ಹೊಳಪು 255ರಲ್ಲಿ 230ರ ಆಸುಪಾಸು ಇರಲಿ, ಆಗ ಹಳದಿ ಉಳಿಯುತ್ತದೆ. ಮೇಣದ ಕ್ರೇಯಾನ್ ಹೊಳೆಯುವುದರಿಂದ ದೀಪಗಳನ್ನು ಎರಡೂ ಬದಿಯಿಂದ 45 ಡಿಗ್ರಿ ಓರೆಯಲ್ಲಿಡಿ.

ಮೀನಿಗೆ ಫಿಲ್ಟರ್ ಹಾಕಿ ಚೆಂದಗಾಣಿಸುವ ಆಸೆ ಬಂದೇ ಬರುತ್ತದೆ. ದಯವಿಟ್ಟು ಬೇಡ. ಕ್ರೇಯಾನ್ ಗೀಚಿದ ಒರಟು ಗೆರೆ ನೋಡಿಯೇ ಮಗು ‘ಅದು ನಂದು’ ಎನ್ನುವುದು. ಕಲಾವಿದ ಡೇನಿಯಲ್ ರೋಜಿನ್ 1999ರಲ್ಲಿ ಮಾಡಿದ ‘ವುಡನ್ ಮಿರರ್’ನಲ್ಲಿ ಕಾಣುವುದು ಕ್ಯಾಮೆರಾ ಕಂಡದ್ದಕ್ಕೆ ತಕ್ಕಂತೆ ವಾಲುವ 830 ಮರದ ತುಂಡುಗಳು ಮಾತ್ರ. ಆದರೂ ಎದುರಿಗಿದ್ದವರು ಕೈ ಎತ್ತಿದರೆ ಮರದಲ್ಲೂ ಕೈ ಏಳುತ್ತದೆ, ಅದು ತಾವೇ ಎಂದು ತಿಳಿಯುತ್ತದೆ. ರೂಪ ಎಷ್ಟಾದರೂ ಬದಲಾಗಲಿ, ಕೊಟ್ಟವರ ಗುರುತು ಅಳಿಯಬಾರದು.

ಪ್ರಶ್ನೆ: ಇಂಥದ್ದೇ ಪ್ರದರ್ಶನ ಮೊದಲು ಸಲೀಸಾಗಿ ಓಡಿ, ಜನ ಹೆಚ್ಚಿದಂತೆ ತಡವರಿಸಿ ನಿಂತುಬಿಡುತ್ತದೆ. ಪ್ರತಿ ಚಿತ್ರದ ಫೈಲ್ 300 ಕೆಬಿ ಅಷ್ಟೇ.
– ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಡಿಸ್ಕ್‌ನಲ್ಲಿ 300 ಕೆಬಿ ನಿಜ, ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಅದು ಬಿಚ್ಚಿಕೊಳ್ಳುತ್ತದೆ. 2048×2048 ಚಿತ್ರಕ್ಕೆ ಪಿಕ್ಸೆಲ್‌ಗೆ 4 ಬೈಟ್‌ನಂತೆ 16 ಎಂಬಿ. 200 ಮೀನಿಗೆ 3 ಜಿಬಿ ದಾಟುತ್ತದೆ. 512×512ಕ್ಕೆ ಇಳಿಸಿದರೆ ತಲಾ 1 ಎಂಬಿ ಸಾಕು, ಗೋಡೆಯ ಮೇಲೆ ವ್ಯತ್ಯಾಸ ಕಾಣುವುದೂ ಕಷ್ಟ. ಒಮ್ಮೆಗೆ 60 ಮೀನು ಮೀರದಿರಲಿ. ಹೊಸದು ಬಂದಾಗ ಹಳೆಯದು ಪರದೆಯಾಚೆ ಈಜಿಹೋಗಲಿ, ಹೋದ ಮೇಲೆ ಅದರ ಟೆಕ್ಸ್ಚರನ್ನು (ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಬಿಚ್ಚಿಕೊಂಡ ಚಿತ್ರ) ಮೆಮೊರಿಯಿಂದಲೂ ತೆಗೆಯಿರಿ. ಹಲವರು ಮರೆಯುವುದು ಇದನ್ನೇ.

ಪ್ರಶ್ನೆ: ಕ್ಯೂಆರ್ ಕೋಡ್ ಮೂಲಕ ಜನ ಕಳಿಸಿದ ಫೋಟೋಗಳಲ್ಲಿ ಕೆಲವು ಅಡ್ಡ ಬೀಳುತ್ತವೆ, ಐಫೋನಿನವು ಕೆಲವು ತೆರೆಯುವುದೇ ಇಲ್ಲ.
– ಗ್ಯಾಲರಿ ಸ್ವಯಂಸೇವಕ, ಬೆಂಗಳೂರು

ಉತ್ತರ: ತೆರೆಯದವು ಐಫೋನ್ ಫೋಟೋ ಉಳಿಸುವ ಎಚ್‌ಇಐಸಿ ಮಾದರಿಯ ಫೈಲುಗಳು, ಸರ್ವರ್‌ನಲ್ಲೇ ಜೆಪೆಗ್‌ಗೆ ಬದಲಿಸಿ. ಫೋನನ್ನು ಹೇಗೆ ಹಿಡಿದಿದ್ದರು ಎಂಬುದು ಫೋಟೋ ಫೈಲಿನೊಳಗೇ ಸೇರಿರುವ ಎಕ್ಸಿಫ್ ಮಾಹಿತಿಯಲ್ಲಿರುತ್ತದೆ, ಫೋಟೋ ತೆಗೆದ ಜಾಗವೂ ಅದರಲ್ಲಿರಬಹುದು. ಹಾಗಾಗಿ ಮೊದಲು ಚಿತ್ರ ತಿರುಗಿಸಿ, ನಂತರ ಎಕ್ಸಿಫ್ ಅಳಿಸಿ. ಕ್ರಮ ತಪ್ಪಿದರೆ ಅಡ್ಡಬಿದ್ದದ್ದು ಅಡ್ಡವೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರು ಮಕ್ಕಳು, ಅವರ ಮುಖವಿರುವ ಫೋಟೋಕ್ಕೆ ಪೋಷಕರ ಒಪ್ಪಿಗೆ ಪಡೆಯಿರಿ. ಪ್ರತಿ ಚಿತ್ರವೂ ಒಬ್ಬರು ನೋಡಿ ಒಪ್ಪಿದ ಮೇಲಷ್ಟೇ ಗೋಡೆಗೆ ಹೋಗಲಿ.